ರಾಷ್ಟ್ರಗೀತೆ: ಕಡ್ಡಾಯ ಯಾರಿಗೆ, ಶಾಲೆಗೋ ಮಗುವಿಗೋ?

2022ರ ಆಗಸ್ಟ್ 17ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರಿ, ಅನುದಾನಿತ, ಖಾಸಗಿ ಎನ್ನದೆ ಎಲ್ಲ ಶಾಲೆಗಳಲ್ಲೂ ಪದವಿಪೂರ್ವ ಕಾಲೇಜುಗಳಲ್ಲೂ ಬೆಳಗ್ಗೆ ಸಾಮೂಹಿಕವಾಗಿ ರಾಷ್ಟ್ರಗೀತೆ ಹಾಡಿಸಬೇಕು ಎಂಬುದು ಅದರ ಸಾರ. ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳು ಹಾಡಿಸುತ್ತಿಲ್ಲ ಎಂಬ ದೂರು ಬಂದದ್ದೇ ಇದಕ್ಕೆ ಕಾರಣ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಲು ಜಾಗವಿಲ್ಲದಿದ್ದರೆ ತರಗತಿಯಲ್ಲೇ ಹಾಡಿಸಿ ಎಂದೂ ಆದೇಶ ಹೇಳಿತು. ಹಳ್ಳಿಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳಿಗೆ ಇದು ಸುದ್ದಿಯೇ ಆಗಿರಲಿಲ್ಲ. ಅವರು ಹಾಡಿಸುವುದನ್ನು ಬಿಟ್ಟದ್ದು ಯಾವಾಗ?

ಆದರೂ ಆ ಆದೇಶದೊಳಗೆ ಒಂದು ಹಳೆಯ ತೊಡಕಿದೆ. ಹಾಡಿಸುವುದು ಶಾಲೆಗೆ ಕಡ್ಡಾಯ ಎನ್ನುವುದು ಒಂದು ಮಾತು, ಹಾಡುವುದು ಪ್ರತಿ ಮಗುವಿಗೂ ಕಡ್ಡಾಯ ಎನ್ನುವುದು ಬೇರೆಯೇ ಮಾತು. ನಮ್ಮ ಮಂತ್ರಿಗಳ ಹೇಳಿಕೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ, ಪೋಷಕರ ಸಭೆಗಳಲ್ಲಿ ಈ ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ. ಈ ವಿಷಯದಲ್ಲಿ ದೇಶದಲ್ಲೂ ಹೊರಗೂ ನಡೆದಿರುವ ಜಗಳಗಳ ಬಹುಪಾಲು ಈ ಕಲಸುಮೇಲೋಗರದಿಂದಲೇ ಹುಟ್ಟಿದ್ದು ಎಂಬುದು ನನ್ನ ಅನಿಸಿಕೆ.

ಮೊದಲು ಆ ಹಾಡು ನಡೆಯುವ ಜಾಗವನ್ನೇ ನೋಡೋಣ. ನಮ್ಮ ಶಾಲೆಗಳಲ್ಲಿ ಅದಕ್ಕೆ ‘ಪ್ರಾರ್ಥನೆ’ ಎಂದೇ ಹೆಸರು, ಇಂಗ್ಲಿಷ್ ಮಾಧ್ಯಮದವರಿಗೆ ‘ಪ್ರೇಯರ್’. ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಾರೆ. ಒಂದನೇ ತರಗತಿಯ ಮಕ್ಕಳು ಮುಂದೆ, ದೊಡ್ಡವರು ಹಿಂದೆ, ಎತ್ತರದ ಪ್ರಕಾರ ಸಾಲು. ಸಾವಧಾನ್, ವಿಶ್ರಾಮ್, ಮತ್ತೆ ಸಾವಧಾನ್. ಮುಂದೆ ನಿಂತ ಇಬ್ಬರು ಹುಡುಗಿಯರು ಶುರುಮಾಡಬೇಕು, ಅವರು ಹೆದರಿಕೆಯಲ್ಲೋ ಹುರುಪಿನಲ್ಲೋ ಶ್ರುತಿಯನ್ನು ಮೇಲಕ್ಕೆ ಎತ್ತಿಬಿಡುತ್ತಾರೆ. ಹಾಡು ಏರುವ ಜಾಗಕ್ಕೆ ಬಂದಾಗ ಎಂಟು, ಒಂಬತ್ತನೇ ತರಗತಿಯ ಹುಡುಗರ ಒಡೆಯುತ್ತಿರುವ ಗಂಟಲು ಅಲ್ಲಿಗೆ ಮುಟ್ಟುವುದಿಲ್ಲ. ಪಕ್ಕದವನು ನಕ್ಕಾನೆಂಬ ನಾಚಿಕೆ ಬೇರೆ. ಅವರು ಬರೀ ತುಟಿ ಆಡಿಸುತ್ತಾರೆ. ಇಡೀ ಗೀತೆಗೆ ನಿಗದಿಯಾಗಿರುವುದು 52 ಸೆಕೆಂಡು, ನಮ್ಮ ಶಾಲೆಗಳಲ್ಲಿ ಅದು ಒಂದು ನಿಮಿಷ ದಾಟುವುದೂ ಉಂಟು, ನಲವತ್ತಕ್ಕೇ ಮುಗಿಯುವುದೂ ಉಂಟು. ಆ ಹೊತ್ತಿನಲ್ಲಿ ಸಾಲಿನ ಹಿಂದೆ ನಿಧಾನಕ್ಕೆ ಅಡ್ಡಾಡುವ ಒಬ್ಬ ಮೇಷ್ಟ್ರು ಇರುತ್ತಾರೆ. ಯಾರ ಬಾಯಿ ಆಡುತ್ತಿಲ್ಲ ಎಂದು ನೋಡುವುದು ಅವರ ಕೆಲಸ.

ಬಾಯಿ ಆಡದ ಮಗು ಯಾರು? ನಿದ್ದೆಗಣ್ಣಿನಲ್ಲಿ ಬಂದವನು ಇರಬಹುದು, ತಿಂಡಿ ತಿನ್ನದೆ ಬಂದವಳು ಇರಬಹುದು, ಬೇರೆ ರಾಜ್ಯದಿಂದ ಹೋದ ತಿಂಗಳಷ್ಟೇ ಬಂದು ಸೇರಿದ ಕಟ್ಟಡ ಕಾರ್ಮಿಕರ ಮಗು ಇರಬಹುದು, ಕಿವಿ ಕೇಳದ ಮಗುವೂ ಇರಬಹುದು. ನಂಬಿಕೆಯ ಕಾರಣಕ್ಕೆ ಹಾಡದವರು ಸಾವಿರಕ್ಕೊಬ್ಬರೂ ಸಿಗುವುದು ಕಷ್ಟ. ಕಾನೂನಿನ ಚರ್ಚೆಯೆಲ್ಲ ಆ ಒಬ್ಬರ ಸುತ್ತ ನಡೆದಿದೆ.

ಆ ಚರ್ಚೆಗೆ ನಮ್ಮಲ್ಲಿ ಹೆಸರು ಬಿಜೋ ಇಮ್ಯಾನುಯೆಲ್ ಪ್ರಕರಣ. ಊರು ಕೇರಳದ ಕೋಟ್ಟಯಂ ಜಿಲ್ಲೆಯ ಕಿಡಂಗೂರು. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಒಂದೇ ಮನೆಯ ಮೂವರು ಮಕ್ಕಳು ಹತ್ತು, ಒಂಬತ್ತು ಮತ್ತು ಐದನೇ ತರಗತಿಗಳಲ್ಲಿ ಓದುತ್ತಿದ್ದರು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಕುಟುಂಬ. ತಮ್ಮ ದೇವರಿಗೆ ಸಲ್ಲಿಸುವ ಪ್ರಾರ್ಥನೆಯನ್ನು ಬಿಟ್ಟು ಬೇರೆ ಯಾವ ವಿಧಿಯಲ್ಲೂ, ಅದು ಯಾವ ದೇಶದ ರಾಷ್ಟ್ರಗೀತೆಯೇ ಆಗಿರಲಿ, ದನಿಗೂಡಿಸಬಾರದು ಎಂಬುದು ಅವರ ನಂಬಿಕೆ. ಮಕ್ಕಳು ದಿನಾ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದರು, ಗೀತೆ ಶುರುವಾದಾಗ ಎಲ್ಲರಂತೆ ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೇ ಓದಿ ಹೋಗಿದ್ದರು. ವರ್ಷಗಟ್ಟಲೆ ಯಾರಿಗೂ ಅದೊಂದು ಸಮಸ್ಯೆ ಎನಿಸಿರಲಿಲ್ಲ.

1985ರ ಜುಲೈನಲ್ಲಿ ಒಬ್ಬ ಶಾಸಕರು ಶಾಲೆಗೆ ಬಂದವರು ಇದನ್ನು ಗಮನಿಸಿದರು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು, ವಿಚಾರಣೆ ನಡೆಯಿತು. ಮಕ್ಕಳು ಶಿಸ್ತಿನವರು, ರಾಷ್ಟ್ರಗೀತೆಗೆ ಅಗೌರವ ತೋರಿದವರಲ್ಲ ಎಂದೇ ವಿಚಾರಣೆಯ ವರದಿ ಹೇಳಿತು. ಆದರೂ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು. ಸರ್ಕಾರದ ತೀರ್ಮಾನ ಬರುವ ತನಕವಾದರೂ ಕೂರಿಸಿಕೊಳ್ಳಿ ಎಂದು ತಂದೆ ಕೇಳಿಕೊಂಡಾಗ, ಮೇಲಿನಿಂದ ಆದೇಶವಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂಬರ್ಥದ ಉತ್ತರ ಬಂತು. ನಮ್ಮ ಶಿಕ್ಷಣ ವ್ಯವಸ್ಥೆಯನ್ನು ಬಲ್ಲವರಿಗೆ ಈ ಉತ್ತರ ಹೊಸದಲ್ಲ.

ಕೇರಳ ಹೈಕೋರ್ಟಿನ ಏಕಸದಸ್ಯ ಪೀಠವೂ ವಿಭಾಗೀಯ ಪೀಠವೂ ಮಕ್ಕಳ ಅರ್ಜಿಯನ್ನು ತಳ್ಳಿಹಾಕಿದವು. ಅದಕ್ಕೆ ಕೊಟ್ಟ ಕಾರಣ ಮೇಲ್ನೋಟಕ್ಕೆ ಸರಿ ಎನಿಸುವಂಥದು. ಗೀತೆಯ ಪದಪದವನ್ನೂ ಪರಿಶೀಲಿಸಿದ್ದೇವೆ, ಯಾರ ಧಾರ್ಮಿಕ ಭಾವನೆಗೂ ನೋವಾಗುವ ಮಾತು ಅದರಲ್ಲಿಲ್ಲ, ಹಾಗಿದ್ದಮೇಲೆ ಹಾಡಲು ಏನಡ್ಡಿ? ಸುಪ್ರೀಂ ಕೋರ್ಟು 1986ರ ಆಗಸ್ಟ್ 11ರಂದು ಈ ತರ್ಕದ ಬುಡಕ್ಕೇ ಕೈಹಾಕಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ಎಂ.ಎಂ. ದತ್ ಅವರ ಪೀಠ ಅದು. ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಚಿನ್ನಪ್ಪ ರೆಡ್ಡಿ ಕರ್ನಾಟಕಕ್ಕೆ ಚೆನ್ನಾಗಿ ಪರಿಚಿತರಾದದ್ದು ಆಮೇಲೆ. ಗೀತೆಯಲ್ಲಿ ತಪ್ಪಿದೆಯೇ ಎಂಬುದು ಪ್ರಶ್ನೆಯೇ ಅಲ್ಲ, ನಂಬಿಕೆ ನ್ಯಾಯಾಧೀಶರಿಗೆ ವಿಚಿತ್ರವಾಗಿ ಕಾಣುತ್ತದೆಯೇ ಎಂಬುದೂ ಅಲ್ಲ, ಅದು ಪ್ರಾಮಾಣಿಕವಾಗಿ ಇಟ್ಟುಕೊಂಡ ನಂಬಿಕೆಯೇ ಎಂಬುದಷ್ಟೇ ಪ್ರಶ್ನೆ ಎಂದು ತೀರ್ಪು ಹೇಳಿತು.

ಅದು ಎರಡು ಆಧಾರಗಳ ಮೇಲೆ ನಿಂತ ತೀರ್ಪು. ಒಂದು, ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯ. ಇನ್ನೊಂದು 19ನೇ ವಿಧಿಯ ಮಾತಿನ ಸ್ವಾತಂತ್ರ್ಯ, ಮೌನವಾಗಿರುವುದೂ ಅದರಲ್ಲಿ ಸೇರಿದೆ. ಈ ಸ್ವಾತಂತ್ರ್ಯಗಳಿಗೆ ಮಿತಿ ಹಾಕಬೇಕಾದರೆ ಕಾನೂನು ಬೇಕು, ಇಲಾಖೆಯ ಸುತ್ತೋಲೆ ಸಾಲದು. ರಾಷ್ಟ್ರಗೀತೆಯನ್ನು ಹಾಡಲೇಬೇಕು ಎನ್ನುವ ಕಾನೂನು ದೇಶದಲ್ಲಿ ಇರಲಿಲ್ಲ. 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆ ಶಿಕ್ಷೆ ವಿಧಿಸುವುದು ಬೇಕೆಂದೇ ಗೀತೆ ಹಾಡದಂತೆ ತಡೆಯುವವರಿಗೆ, ಹಾಡುತ್ತಿರುವ ಸಭೆಯಲ್ಲಿ ಗದ್ದಲ ಎಬ್ಬಿಸುವವರಿಗೆ. ಸುಮ್ಮನೆ ನಿಂತವರಿಗಲ್ಲ. 1976ರಲ್ಲಿ ಸೇರಿದ 51ಎ ವಿಧಿ ರಾಷ್ಟ್ರಗೀತೆಯನ್ನು ಗೌರವಿಸುವುದು ನಾಗರಿಕರ ಕರ್ತವ್ಯ ಎನ್ನುತ್ತದೆ. ಎದ್ದು ನಿಂತ ಮಕ್ಕಳು ಆ ಗೌರವವನ್ನು ಸಲ್ಲಿಸಿಯೇ ಇದ್ದರು.

ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರಗೀತೆ ಕುರಿತ ಆದೇಶಗಳ ಧಾಟಿಯೂ ಹೀಗೇ ಇದೆ. ಶಾಲೆಯ ದಿನವನ್ನು ಸಾಮೂಹಿಕ ಗಾಯನದಿಂದ ಆರಂಭಿಸಬಹುದು, ಗೀತೆಯ ಬಗ್ಗೆ ಮಕ್ಕಳಲ್ಲಿ ಗೌರವ ಬೆಳೆಸಲು ಶಾಲೆಗಳು ತಕ್ಕ ವ್ಯವಸ್ಥೆ ಮಾಡಬೇಕು ಎಂದು ಅವು ಶಾಲೆಯನ್ನು ಉದ್ದೇಶಿಸಿ ಮಾತಾಡುತ್ತವೆ.

ಚಿನ್ನಪ್ಪ ರೆಡ್ಡಿಯವರು ತಮ್ಮ ತೀರ್ಪಿನಲ್ಲಿ ಅಮೆರಿಕದ ಎರಡು ಪ್ರಕರಣಗಳನ್ನು ಚರ್ಚಿಸಿದ್ದಾರೆ. ಅಲ್ಲಿನ ಜಗಳ ರಾಷ್ಟ್ರಗೀತೆಯದಲ್ಲ, ಧ್ವಜವಂದನೆ ಮತ್ತು ನಿಷ್ಠೆಯ ಪ್ರತಿಜ್ಞೆಯದು, ಆದರೆ ಮಕ್ಕಳು ಅದೇ ಪಂಥದವರು. ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಎಂಬ ಗಣಿಯೂರಿನ ಮಕ್ಕಳ ಪ್ರಕರಣದಲ್ಲಿ 1940ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎಂಟಕ್ಕೆ ಒಂದು ಮತದಿಂದ ಶಾಲೆಯ ಪರ ನಿಂತಿತು. ರಾಷ್ಟ್ರೀಯ ಐಕ್ಯವೇ ರಾಷ್ಟ್ರೀಯ ಭದ್ರತೆಗೆ ತಳಹದಿ, ಅದನ್ನು ಬೆಳೆಸುವ ಬಗೆ ಯಾವುದೆಂದು ಕೋರ್ಟು ಹೇಳಕೂಡದು ಎಂಬುದು ತೀರ್ಪು ಬರೆದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ವಾದ. ಯುರೋಪಿನಲ್ಲಿ ಫ್ರಾನ್ಸ್ ಹಿಟ್ಲರನ ಕೈಗೆ ಬೀಳುತ್ತಿದ್ದ ತಿಂಗಳು ಅದು. ತೀರ್ಪು ಹೊರಬಿದ್ದ ಮೇಲೆ ಊರೂರುಗಳಲ್ಲಿ ಈ ಪಂಥದವರ ಮೇಲೆ ಗುಂಪುದಾಳಿಗಳಾದವು, ಮೇನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಸಭಾಭವನಕ್ಕೇ ಬೆಂಕಿ ಬಿತ್ತು. ಎರಡೇ ವರ್ಷದಲ್ಲಿ ಬಹುಮತದಲ್ಲಿದ್ದ ಮೂವರು ನ್ಯಾಯಮೂರ್ತಿಗಳು ತಮ್ಮ ನಿಲುವು ಸರಿಯಿರಲಿಲ್ಲ ಎಂದು ಬಹಿರಂಗವಾಗಿ ಬರೆದರು. 1943ರ ಜೂನ್ 14ರಂದು, ಅಮೆರಿಕದ ಧ್ವಜದಿನದಂದೇ, ವೆಸ್ಟ್ ವರ್ಜೀನಿಯದ ಬಾರ್ನೆಟ್ ಪ್ರಕರಣದಲ್ಲಿ ಕೋರ್ಟು ಆರಕ್ಕೆ ಮೂರು ಮತದಿಂದ ಹಳೆಯ ತೀರ್ಪನ್ನು ಅಳಿಸಿತು. ಅಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿಹೋಗಿತ್ತು. ಅಮೆರಿಕದ ಮಕ್ಕಳು ಧ್ವಜದತ್ತ ಬಲಗೈ ನೀಡಿ ವಂದಿಸುವ ರೂಢಿ ನಾಜಿಗಳ ವಂದನೆಯಂತೆಯೇ ಕಾಣುತ್ತದೆಂದು ಮುಜುಗರಪಟ್ಟು, 1942ರ ಕೊನೆಯಲ್ಲಿ ಕೈಯನ್ನು ಎದೆಯ ಮೇಲಿಡುವ ಪದ್ಧತಿಗೆ ಬದಲಾಯಿಸಿದ್ದರು.

ಯುದ್ಧ ನಡೆಯುತ್ತಿರುವಾಗಲೇ ಒಂದು ದೇಶದ ಕೋರ್ಟು ಹೀಗೆ ಹಿಂದೆ ಸರಿದದ್ದು ನನಗೆ ಇಡೀ ಕಥೆಯಲ್ಲಿ ಬಹಳ ಮುಖ್ಯವಾಗಿ ಕಾಣುತ್ತದೆ. ದೇಶ ಅಪಾಯದಲ್ಲಿದೆ, ಈಗ ಇಂಥದ್ದಕ್ಕೆಲ್ಲ ಸಮಯವಲ್ಲ ಎಂಬ ಮಾತು ನಮ್ಮಲ್ಲಿ ಪದೇ ಪದೇ ಕೇಳಿಬರುತ್ತದೆ. ಹೀಗೆ ಹಿಂದೆ ಸರಿದದ್ದು ಅಮೆರಿಕದ ಕೋರ್ಟೊಂದೇ ಅಲ್ಲ. ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟು 1959ರಲ್ಲಿ ಶಾಲೆಗಳ ಪರ ಕೊಟ್ಟಿದ್ದ ತೀರ್ಪನ್ನು 1993ರಲ್ಲಿ, ಸೆಬುವಿನ ಮಕ್ಕಳ ಪ್ರಕರಣದಲ್ಲಿ, ತಿರುಗಿಸಿತು. ಅಲ್ಲೂ ಅದೇ ಪಂಥ, ಅದೇ ವಾದ.

ಜಪಾನಿನ ಕಥೆ ಬೇರೆ ದಿಕ್ಕಿನದು. ಕಡ್ಡಾಯದ ಭಾರ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಸೂರ್ಯಧ್ವಜಕ್ಕೂ ಚಕ್ರವರ್ತಿಯ ಆಳ್ವಿಕೆಯನ್ನು ಹಾರೈಸುವ ‘ಕಿಮಿಗಾಯೊ’ ಗೀತೆಗೂ ಯುದ್ಧಕಾಲದ ನೆನಪುಗಳು ಅಂಟಿಕೊಂಡಿದ್ದರಿಂದ ಶಿಕ್ಷಕರ ಸಂಘಗಳು ಅವನ್ನು ದಶಕಗಳ ಕಾಲ ವಿರೋಧಿಸಿದ್ದವು. 1999ರ ಫೆಬ್ರವರಿಯಲ್ಲಿ, ಹಾಡಿಸಿ ಎನ್ನುವ ಶಿಕ್ಷಣ ಮಂಡಳಿಗೂ ಬೇಡ ಎನ್ನುವ ಶಿಕ್ಷಕರಿಗೂ ನಡುವೆ ಸಿಕ್ಕಿಕೊಂಡ ಹಿರೋಷಿಮಾ ಪ್ರಾಂತದ ಪ್ರೌಢಶಾಲೆಯೊಂದರ ಮುಖ್ಯಸ್ಥರು ಆತ್ಮಹತ್ಯೆ ಮಾಡಿಕೊಂಡರು. ಅದೇ ಆಗಸ್ಟ್‌ನಲ್ಲಿ ಧ್ವಜ ಮತ್ತು ಗೀತೆಗೆ ಕಾನೂನಿನ ಮಾನ್ಯತೆ ಬಂತು, ಯಾರ ಮೇಲೂ ಬಲವಂತವಿಲ್ಲ ಎಂದು ಸರ್ಕಾರ ಭರವಸೆಯನ್ನೂ ಕೊಟ್ಟಿತು. ಆದರೆ 2003ರ ಅಕ್ಟೋಬರ್ 23ರಂದು ಟೋಕಿಯೊ ಶಿಕ್ಷಣ ಮಂಡಳಿ ಸಮಾರಂಭಗಳಲ್ಲಿ ಶಿಕ್ಷಕರು ಎದ್ದು ನಿಂತು ಹಾಡಲೇಬೇಕೆಂದು ಆದೇಶಿಸಿತು. ಒಪ್ಪದ ನೂರಾರು ಶಿಕ್ಷಕರ ಮೇಲೆ ಶಿಸ್ತುಕ್ರಮ ಆಯಿತು. 2012ರಲ್ಲಿ ಒಸಾಕಾದ ಪ್ರೌಢಶಾಲೆಯೊಂದರ ಮುಖ್ಯಸ್ಥರು ಬೀಳ್ಕೊಡುಗೆ ಸಮಾರಂಭದಲ್ಲಿ ಶಿಕ್ಷಕರ ತುಟಿ ಆಡುತ್ತಿವೆಯೇ ಎಂದು ಪರೀಕ್ಷಿಸಿದ್ದು ದೇಶವ್ಯಾಪಿ ಸುದ್ದಿಯಾಯಿತು. ನಮ್ಮ ಸಾಲಿನ ಹಿಂದೆ ಅಡ್ಡಾಡುವ ಮೇಷ್ಟ್ರ ಹಿಂದೆ ಇನ್ನೊಬ್ಬರು ಅಡ್ಡಾಡಿದ ಹಾಗಾಯಿತು.

2004ರ ಶರತ್ಕಾಲದಲ್ಲಿ ಅರಮನೆಯ ಉದ್ಯಾನಕೂಟಕ್ಕೆ ಬಂದಿದ್ದ ಟೋಕಿಯೊ ಶಿಕ್ಷಣ ಮಂಡಳಿಯ ಸದಸ್ಯ, ಹೆಸರಾಂತ ಶೋಗಿ (ಜಪಾನಿ ಚದುರಂಗ) ಆಟಗಾರ ಯೊನೆನಾಗ ಕುನಿಯೊ, ದೇಶದ ಎಲ್ಲ ಶಾಲೆಗಳಲ್ಲೂ ಧ್ವಜ ಏರಿಸಿ ಗೀತೆ ಹಾಡಿಸುವುದೇ ತಮ್ಮ ಕೆಲಸ ಎಂದು ಚಕ್ರವರ್ತಿ ಅಕಿಹಿತೊ ಅವರಿಗೆ ಹೆಮ್ಮೆಯಿಂದ ಹೇಳಿಕೊಂಡರು. ಬಲವಂತ ಇಲ್ಲದಿದ್ದರೆ ಒಳ್ಳೆಯದು ಎಂಬರ್ಥದ ಉತ್ತರ ಚಕ್ರವರ್ತಿಯಿಂದ ಬಂತು. ಯಾರನ್ನು ಹಾರೈಸುವ ಹಾಡೋ ಅವರೇ ಹೇಳಿದ ಮಾತು ಇದು! ಜಪಾನಿನ ಸುಪ್ರೀಂ ಕೋರ್ಟು ಮಾತ್ರ 2011ರಲ್ಲಿ ಅಂಥ ಆದೇಶಗಳು ಸಂವಿಧಾನಬಾಹಿರವಲ್ಲ ಎಂದಿತು, ಮರುವರ್ಷ ಅಮಾನತು, ಸಂಬಳ ಕಡಿತದಂಥ ಕಠಿಣ ಶಿಕ್ಷೆಗೆ ಎಚ್ಚರಿಕೆ ಬೇಕು ಎಂದೂ ಸೇರಿಸಿತು. ಅಂದಹಾಗೆ ಸ್ಪೇನಿನ ರಾಷ್ಟ್ರಗೀತೆಗೆ ಅಧಿಕೃತ ಸಾಹಿತ್ಯವೇ ಇಲ್ಲ, ಬರೀ ವಾದ್ಯ. ಅಲ್ಲಿನ ಮೇಷ್ಟ್ರುಗಳು ಪುಣ್ಯವಂತರು.

ಕಡ್ಡಾಯದ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೂರಾರು ನುಡಿಗಳ ದೇಶದಲ್ಲಿ ಬೀದರಿನ ಹುಡುಗಿಗೂ ಮಣಿಪುರದ ಹುಡುಗನಿಗೂ ಬಾಯಿಪಾಠವಾಗಿರುವ ಒಂದೇ ಹಾಡು ಇದು ಇರಬಹುದು. ಮಗ್ಗಿಯ ಹಾಗೆ ಇದೂ ಅರ್ಥಕ್ಕೆ ಮುಂಚೆ ನಾಲಿಗೆಗೆ ಬರುತ್ತದೆ, ಅರ್ಥ ಆಮೇಲೆ ಬರುತ್ತದೆ. ಸಮವಸ್ತ್ರ, ಗಣಿತ, ಹಾಜರಿ ಎಲ್ಲವೂ ಕಡ್ಡಾಯವಿರುವಾಗ 52 ಸೆಕೆಂಡಿನ ಹಾಡೇಕೆ ಬೇಡ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟೆ: ಗಣಿತದ ತರಗತಿ ನಡೆಸುವುದು ಶಾಲೆಗೆ ಕಡ್ಡಾಯ, ಮಗು ಅಲ್ಲಿ ಕೂರುವುದೂ ಕಡ್ಡಾಯ, ಆದರೆ ಲೆಕ್ಕವನ್ನು ಪ್ರೀತಿಸುತ್ತೇನೆ ಎಂದು ದಿನಾ ಬಾಯಿಬಿಟ್ಟು ಹೇಳು ಎಂದು ಯಾವ ಮೇಷ್ಟ್ರೂ ಕೇಳುವುದಿಲ್ಲ. ರಾಷ್ಟ್ರಗೀತೆ ಹಾಡುವುದು ಕಲಿಕೆಯ ಜೊತೆಗೆ ನಿಷ್ಠೆಯ ಘೋಷಣೆಯೂ ಹೌದು. ಕಲಿಸುವುದನ್ನು ಕಡ್ಡಾಯ ಮಾಡಬಹುದು, ಘೋಷಣೆಯನ್ನು ಬಲವಂತದಿಂದ ಪಡೆದರೆ ಅದು ಘೋಷಣೆಯಾಗಿ ಉಳಿಯುವುದಿಲ್ಲ.

‘ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬಾಯಿ ಮುಚ್ಚುತ್ತಾರೆ’ ಎಂಬ ಭಯಕ್ಕೆ ಆಧಾರ ಕಾಣುವುದಿಲ್ಲ. 1986ರ ತೀರ್ಪು ಬಂದು ನಾಲ್ಕು ದಶಕವಾಗುತ್ತ ಬಂತು. ಬೆಳಗಿನ ಸಾಲುಗಳು ಮೂಕವಾಗಿಲ್ಲ.

ಚಿತ್ರಮಂದಿರಗಳ ಪ್ರಸಂಗ ಇನ್ನೂ ಹತ್ತಿರದ್ದು. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟೇ ಪ್ರತಿ ಪ್ರದರ್ಶನಕ್ಕೆ ಮುಂಚೆ ರಾಷ್ಟ್ರಗೀತೆ ಕಡ್ಡಾಯ, ಎಲ್ಲರೂ ಎದ್ದು ನಿಲ್ಲಬೇಕು ಎಂದಿತು. ಆದೇಶಕ್ಕೆ ಮುಂಚೆಯೇ ಗೋವಾದ ಚಿತ್ರಮಂದಿರವೊಂದರಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಿಲ್ಲಲಾರದ ಒಬ್ಬರು ಎದ್ದು ನಿಲ್ಲಲಿಲ್ಲವೆಂದು ಹಿಂದಿನ ಸಾಲಿನವರಿಂದ ಏಟು ತಿಂದಿದ್ದರು. ಅಂಗವಿಕಲರಿಗೆ ವಿನಾಯಿತಿ ಇದೆ ಎಂದು ಕೋರ್ಟು ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಬೇಕಾಯಿತು. 2018ರ ಜನವರಿ 9ರಂದು ಗೀತೆ ನುಡಿಸುವುದೇ ಐಚ್ಛಿಕ ಎಂದಾಯಿತು. ಅದು ಹದಿಮೂರು ತಿಂಗಳ ಪ್ರಯೋಗ. ಕಡ್ಡಾಯ ಎಂಬ ಪದ ಕಾಗದದ ಮೇಲೆ ಬರುವ ಮುಂಚೆಯೇ ಪಕ್ಕದವನು ಪೊಲೀಸನಾಗಿಬಿಡುತ್ತಾನೆ ಎಂಬುದು ಈ ಪ್ರಸಂಗದಿಂದ ನಾವು ಕಂಡದ್ದು. ಶಾಲೆಯಲ್ಲಿ ಆ ಪಕ್ಕದವನು ಸಹಪಾಠಿ.

ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲಾಗುತ್ತಿದೆಯೇ ಎಂಬುದನ್ನೂ ಕೇಳಬೇಕು. ಉತ್ತರ ಪ್ರದೇಶದಲ್ಲಿ 2022ರ ಮೇ ತಿಂಗಳಲ್ಲಿ ಮದರಸಾಗಳಿಗೆ ರಾಷ್ಟ್ರಗೀತೆ ಕಡ್ಡಾಯವಾಯಿತು, ಜಮ್ಮು ಮತ್ತು ಕಾಶ್ಮೀರದಲ್ಲಿ 2024ರ ಜೂನ್‌ನಲ್ಲಿ ಎಲ್ಲ ಶಾಲೆಗಳಿಗೆ. ಮದರಸಾಗಳೂ ಬೇರೆ ಶಾಲೆಗಳಂತೆ ಹಾಡಿಸಲಿ ಎಂದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ 2017ರ ಸ್ವಾತಂತ್ರ್ಯ ದಿನಾಚರಣೆಯನ್ನು ವಿಡಿಯೊ ಮಾಡಿ ಎಂದು ಉತ್ತರ ಪ್ರದೇಶದಲ್ಲೇ ಮದರಸಾಗಳಿಗೆ ಮಾತ್ರ ಸೂಚನೆ ಹೋದದ್ದು ಹಾಡು ಕಲಿಸುವ ಆಸೆಯಿಂದಲ್ಲ. ಗುಮಾನಿಯ ಕಣ್ಣಿನೆದುರು ಹಾಡಿದ ಮಗು ಕಲಿಯುವ ಪಾಠವೇ ಬೇರೆ.

ನಮ್ಮ ರಾಜ್ಯಕ್ಕೆ ಮರಳಿದರೆ, ಕರ್ನಾಟಕದ ಮಗುವಿನ ಬೆಳಗಿನ ಪಟ್ಟಿ ಉದ್ದವಾಗುತ್ತಲೇ ಇದೆ. ಪ್ರಾರ್ಥನೆ, 2004ರಲ್ಲಿ ಅಧಿಕೃತವಾದ ಕುವೆಂಪು ಅವರ ನಾಡಗೀತೆ, 2023ರ ಸಂಪುಟ ತೀರ್ಮಾನದ ನಂತರ ಸಂವಿಧಾನ ಪೀಠಿಕೆಯ ಓದು, ಸುದ್ದಿ ವಾಚನ, ಸುಭಾಷಿತ, ರಾಷ್ಟ್ರಗೀತೆ. ನಾಡಗೀತೆಯ ವಿಷಯದಲ್ಲಿ ನಾವು ಎರಡು ದಶಕ ವಾದಿಸಿದ್ದು ಧಾಟಿ ಯಾವುದು, ಎಷ್ಟು ನಿಮಿಷ ಎಂಬುದರ ಬಗ್ಗೆ. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ ಎರಡೂವರೆ ನಿಮಿಷ ಎಂದು 2022ರಲ್ಲಿ ತೀರ್ಮಾನವಾಗಿ, ಅದೂ ಹೈಕೋರ್ಟು ಮೆಟ್ಟಿಲೇರಿತು. ಬಿಸಿಲಲ್ಲಿ ನಿಂತ ಮಗುವನ್ನು ಆ ವಾದದಲ್ಲಿ ಯಾರೂ ನೆನೆಸಿಕೊಂಡಂತಿಲ್ಲ.

ಇಷ್ಟೆಲ್ಲ ಕಡ್ಡಾಯಗಳ ನಡುವೆ ಕಲಿಸುವ ಕೆಲಸ ಹಿಂದೆ ಬಿದ್ದಿದೆ ಎಂಬುದು ನನ್ನ ದೂರು. ಟ್ಯಾಗೋರರ ಗೀತೆಯ ಭಾಷೆ ಸಂಸ್ಕೃತಮಯ ಬಂಗಾಳಿ. ಕನ್ನಡದ ಮಗುವಿಗೆ ಅರ್ಧದಷ್ಟು ಪದಗಳು ಪರಿಚಿತವೇ, ಆದರೆ ಪದ ಬಿಡಿಸಿ ಹೇಳಿಕೊಡದ ಕಾರಣ ನದಿ, ಬೆಟ್ಟ, ಪ್ರಾಂತಗಳೆಲ್ಲ ಒಂದೇ ಉಸಿರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಹೊರಬರುತ್ತವೆ. 1911ರ ಡಿಸೆಂಬರ್‌ನಲ್ಲಿ ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಮೊದಲು ಹಾಡಿದ್ದು, 1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ಮತಕ್ಕೆ ಹಾಕದೆ ರಾಜೇಂದ್ರ ಪ್ರಸಾದರ ಒಂದು ಹೇಳಿಕೆಯಿಂದ ಅದು ರಾಷ್ಟ್ರಗೀತೆಯಾದದ್ದು, ಇವೆಲ್ಲ ಒಂದು ಪೀರಿಯಡ್ಡಿನಲ್ಲಿ ಹೇಳಿ ಮುಗಿಸಬಹುದಾದ ಕಥೆ. ಭೂಪಟ ಬಿಡಿಸಿಟ್ಟು ಪದಪದವನ್ನೂ ತೋರಿಸಿದರೆ ನಾಲ್ಕನೇ ತರಗತಿಯ ಮಗುವಿಗೂ ಹಿಡಿಸುತ್ತದೆ. ಶ್ರವಣದೋಷವಿರುವ ಮಕ್ಕಳಿಗಾಗಿ 2017ರಲ್ಲಿ ಬಂದ ಸನ್ನೆಭಾಷೆಯ ರಾಷ್ಟ್ರಗೀತೆಯನ್ನು ಎಲ್ಲ ಮಕ್ಕಳಿಗೂ ಕಲಿಸಿದರೆ ಇನ್ನೂ ಚೆಂದ. ಶಾಲೆಗೆ ಕಡ್ಡಾಯ ಮಾಡಬೇಕಾದ್ದು ಇವನ್ನು.

ಹಾಗಾದರೆ ಹಾಡದ ಮಗುವನ್ನು ಏನು ಮಾಡಬೇಕು? ಮೊದಲು, ಏಕೆ ಎಂದು ಪಕ್ಕಕ್ಕೆ ಕರೆದು ಕೇಳಬೇಕು, ಸಾಲಿನ ಎದುರು ನಿಲ್ಲಿಸಿ ಅಲ್ಲ. ಬರುವುದಿಲ್ಲ ಎಂದರೆ ಕಲಿಸಬೇಕು. ಗಂಟಲು ಒಡೆದಿದ್ದರೆ ಶ್ರುತಿ ಇಳಿಸಬೇಕು. ಮನೆಯ ನಂಬಿಕೆ ಎಂದರೆ ಕಾನೂನು ಸ್ಪಷ್ಟವಾಗಿದೆ, ಸುಮ್ಮನೆ ನಿಂತರೆ ಸಾಕು. ಸ್ಪಷ್ಟವಿಲ್ಲದ್ದು ಇನ್ನೊಂದು. ಕಿಡಂಗೂರಿನ ಮಕ್ಕಳು ಎದ್ದು ನಿಂತಿದ್ದರು, ತೀರ್ಪು ಅದಕ್ಕೆ ತುಂಬ ತೂಕ ಕೊಟ್ಟಿದೆ. ನಿಲ್ಲಲೂ ಒಲ್ಲೆ ಎನ್ನುವ ಮಗುವಿಗೆ, ಅಥವಾ ಯಾವ ಧರ್ಮದ ಹೆಸರನ್ನೂ ಹೇಳದೆ ಬರೀ ತನ್ನ ವಿಚಾರದ ಕಾರಣಕ್ಕೆ ಹಾಡದ ಹದಿನಾರರ ಹುಡುಗಿಗೆ ಆ ತೀರ್ಪಿನ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದು ವಾದಕ್ಕೆ ಬಿಟ್ಟ ವಿಷಯ. 19ನೇ ವಿಧಿಯನ್ನು ಓದಿದರೆ ಹುಡುಗಿಯ ಪರ ಹೇಳಲು ಸಾಕಷ್ಟಿದೆ, ಕೂತ ಮಗುವಿನ ಪರ ಕಡಿಮೆ.

ಮುಂದಿನ ಸುತ್ತೋಲೆ ಬರೆಯುವ ಅಧಿಕಾರಿ ಕೊನೆಯಲ್ಲಿ ಎರಡು ಸಾಲು ಸೇರಿಸಲಿ: ಹಾಡದ ಕಾರಣಕ್ಕೆ ಯಾವ ಮಗುವನ್ನೂ ಹೊರಗೆ ಹಾಕುವಂತಿಲ್ಲ, ದಂಡಿಸುವಂತಿಲ್ಲ, ಅಂಥ ಸಂದರ್ಭದಲ್ಲಿ ತೀರ್ಮಾನ ಮುಖ್ಯೋಪಾಧ್ಯಾಯರದೇ. ಮೇಲಿನ ಆದೇಶಕ್ಕೆ ಕಾಯಬೇಕಿಲ್ಲ ಎಂಬುದು ಲಿಖಿತವಾಗಿ ಕೈಯಲ್ಲಿದ್ದರೆ, ಭೇಟಿಗೆ ಬಂದ ಶಾಸಕರಿಗೆ ತೋರಿಸಲು ಅವರ ಬಳಿ ಒಂದು ಕಾಗದವಾದರೂ ಇರುತ್ತದೆ.